ಸಂಜೆಯ ಏಳು ಹೆಸರು

ಅರಮನೆ, ಕೋಟೆ ನೋಡಿ ಮುಗಿಸಿ ತಾತ, ಮಗ, ಮೊಮ್ಮಗಳು ಹಳೆಯ ಜೈಲಿಗೆ ಬಂದರು. ಈಗ ಅದು ಟಿಕೆಟ್ ಕೊಂಡು ನೋಡುವ ಜಾಗ. ಬಸ್ಸಿನಲ್ಲೇ ಕೂತಿರುತ್ತೇನೆಂದು ತಾತ ಎಷ್ಟು ಹೇಳಿದರೂ ಮಗ ಬಿಡಲಿಲ್ಲ.

"ನಮ್ಮಪ್ಪ ಐದು ವರ್ಷ ಇದೇ ಜೈಲಲ್ಲಿದ್ದೋರು. ದೇಶಕ್ಕೋಸ್ಕರ," ಎಂದು ಗೈಡಿಗೆ ಹೇಳಿದ. ತಾತ ಎಂದಿನಂತೆ ಮುಖ ತಿರುಗಿಸಿ ಮುಂದೆ ನಡೆದ.

ನೇಣುಗಂಬದ ಬಳಿಯ ಕಲ್ಲುಫಲಕವನ್ನು ಮೊಮ್ಮಗಳು ಓದತೊಡಗಿದಳು. ಓದುತ್ತ ಓದುತ್ತ ಅದು ರಾಗವಾಯಿತು. ದಿನಾ ಸಂಜೆ ದೀಪ ಹಚ್ಚಿ, ಪದ್ಯ ಹೇಳಿ ಮುಗಿಸಿದ ಮೇಲೆ ತಾತ ಕೈಮುಗಿದು ಹೇಳುವ ಏಳು ಹೆಸರುಗಳೇ ಅವು, ಅದೇ ಕ್ರಮದಲ್ಲಿ.

"ತಾತನ ಜೊತೆಗಾರರೆಲ್ಲ ಇಲ್ಲಿದ್ದಾರಪ್ಪ. ತಾತನ ಹೆಸರೊಂದೇ ಇಲ್ಲ."

ಮಗ ಗೈಡಿನತ್ತ ತಿರುಗಿದ. "ನಮ್ಮಪ್ಪನ್ನ ಬಿಟ್ಟೇಬಿಟ್ಟಿದೀರಲ್ರೀ. ಯಾರಿಗೆ ಅರ್ಜಿ ಕೊಡಬೇಕು?"

"ಇದು ಗಲ್ಲಿಗೆ ಹಾಕಿದೋರ ಪಟ್ಟಿ ಸಾರ್," ಗೈಡ್ ನಕ್ಕ. "ಯಜಮಾನ್ರು ಇನ್ನೂ ಗಟ್ಟಿಯಾಗಿದಾರಲ್ಲ."

ಮಗನ ಮುಖ ಸಣ್ಣದಾಯಿತು. "ಹಾಗಾದ್ರೆ ಇವರ ಜೊತೆ ನೀವಿಲ್ಲಿ ಏನ್ಮಾಡ್ತಿದ್ರಿ ಅಪ್ಪಾ?"

ನೇಣುಗಂಬದ ಪಕ್ಕದ ಕಬ್ಬಿಣದ ಹಿಡಿಯ ಮೇಲೆ ತಾತನ ಕೈ ಆಗಲೇ ಕೂತಿತ್ತು.

"ಇದನ್ನ ಎಳೀತಿದ್ದೆ ಮಗಾ."