ಕಾಡು ದಾಸವಾಳದ ಬೀಜ

ಅತ್ತೆ ಕುದಿಯುವ ನೀರನ್ನು ಲೋಟಕ್ಕೆ ಸುರಿದೇಬಿಟ್ಟರು. "ಅಯ್ಯೋ ಅತ್ತೆ, ಅದರಲ್ಲಿ ಬೀಜ ಇತ್ತು!" ನರ್ಸರಿಯಲ್ಲಿ ದುಡಿಯುವ ಸೊಸೆ ಕೂಗಿಕೊಂಡಳು.

"ಲೋಟ ಇರೋದು ಕುಡಿಯೋಕೆ. ನಿನ್ನ ಬೀಜ ಇದೆ ಅಂತ ನನಗೇನು ಕನಸು ಬಿದ್ದಿತ್ತಾ?"

ಹನಿ ನೀರಿಲ್ಲದಿದ್ದರೂ ವರ್ಷವರ್ಷ ಚಿಗುರಿ ಹೂ ಬಿಡುತ್ತಿದ್ದ ಕಾಡು ದಾಸವಾಳದ ಬೀಜ ಅದು. ಗಿಡಗಳಿದ್ದ ಗುಡ್ಡವನ್ನು ಅಗೆದು ರಸ್ತೆ ಮಾಡಿದ್ದರು. ಉಳಿದದ್ದು ಒಂದೇ ಪೊಟ್ಟಣ. ಎರಡು ವರ್ಷ ಬಿತ್ತಿದರೂ ಕಲ್ಲಿನಂಥ ಸಿಪ್ಪೆಯ ಆ ಬೀಜ ಒಂದೂ ಮೊಳೆತಿರಲಿಲ್ಲ. ಇವತ್ತು ಒಂದು ಹಿಡಿಯನ್ನು ತಣ್ಣೀರಲ್ಲಿ ನೆನೆಸೋಣವೆಂದು ಲೋಟಕ್ಕೆ ಹಾಕಿಟ್ಟಿದ್ದಳು.

ನೀರು ಆರಿದರೂ ಇಬ್ಬರ ಜಗಳ ಆರಲಿಲ್ಲ. ಕೊನೆಗೆ ಲೋಟವನ್ನು ಬಚ್ಚಲಿಗೆ ಬಗ್ಗಿಸಲು ಹೋದ ಸೊಸೆ ಹಾಗೇ ನಿಂತಳು. ಬೀಜಗಳು ಉಬ್ಬಿ, ಸಿಪ್ಪೆ ಬಿರಿದಿದ್ದವು.

"ಏನೇ, ಬಾಯಿ ಬಿದ್ದುಹೋಯ್ತಾ?"

ಸೊಸೆ ಪೊಟ್ಟಣಕ್ಕೆ ಕೈಹಾಕಿದಳು. "ಅತ್ತೆ, ಇನ್ನೊಂದು ಲೋಟ ನೀರು ಕುದಿಸಿಕೊಡ್ತೀರಾ?"