ಅಂಚಿನವರೆಗೂ ಕಾಫಿ

“ಇವತ್ತು ಆ ಮನುಷ್ಯನ ಬಾಯಿಂದ ಒಂದೇ ಒಂದು ಒಳ್ಳೆ ಮಾತು ಬರಬೇಕು. ಬರಲಿಲ್ವೋ, ನೀನು ಬೇರೆ ಹಡಗು ನೋಡ್ಕೋ.”

ಇಷ್ಟು ಹೇಳಿ ಕಪ್ತಾನ ಅಡುಗೆಕೋಣೆಯ ಬಾಗಿಲು ಎಳೆದುಕೊಂಡು ಹೋದ. ಬಾಣಸಿಗನ ಹೊಸ ಕರಾರು ಪತ್ರ ಅವನ ಜೇಬಿನಲ್ಲೇ ಇತ್ತು. ಸಹಿ ಇನ್ನೂ ಬಿದ್ದಿರಲಿಲ್ಲ.

ಒಂಬತ್ತು ವರ್ಷ ಅದೇ ಒಲೆ. ಹಡಗು ಎಡಕ್ಕೆ ವಾಲಿದರೆ ಯಾವ ಪಾತ್ರೆ ಹಿಡಿಯಬೇಕು, ಬಲಕ್ಕೆ ವಾಲಿದರೆ ಯಾವುದನ್ನು ದೇವರಿಗೆ ಬಿಡಬೇಕು ಎಂಬುದು ಬಾಣಸಿಗನ ಮೊಣಕೈಗೇ ಗೊತ್ತಿತ್ತು. ಅದನ್ನೆಲ್ಲ ಬಿಟ್ಟು, ಒಂದು ಕಪ್ ಕಾಫಿಯ ದೆಸೆಯಿಂದ ಪೆಟ್ಟಿಗೆ ಹೊತ್ತು ಇಳಿಯಬೇಕೆಂದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಆ ಮನುಷ್ಯ ಎಂದರೆ ಬಂದರಿನ ಪೈಲಟ್. ವಿಮಾನ ಹಾರಿಸುವವನಲ್ಲ. ಬಂದರಿಗೆ ಹೋಗುವ ಕಾಲುವೆ ಕಿರಿದು, ಆಳವೂ ಕಡಿಮೆ. ಹೊರಗಿನ ಹಡಗುಗಳಿಗೆ ದಾರಿ ತೋರಿಸಲು ಅವನು ದೋಣಿಯಲ್ಲಿ ಬಂದು, ಹಗ್ಗದ ಏಣಿ ಹತ್ತಿ, ಎರಡು ಗಂಟೆ ಅಪ್ಪಣೆ ಕೊಟ್ಟು, ದಡ ಮುಟ್ಟಿಸಿ ಹೋಗುತ್ತಾನೆ. ದಿನಕ್ಕೆ ಮೂರು ಹಡಗು, ಮೂರು ಕಾಫಿ. ನಾವಿಕರು ಅವನನ್ನು ಕರೆಯುತ್ತಿದ್ದುದು ‘ನಾಲಿಗೆ ಸಾಹೇಬ’ ಎಂದು. ಕುಡಿಯುವುದಿರಲಿ, ನೋಡಿಯೇ ಬೇಡವೆನ್ನುವಷ್ಟು ನಾಜೂಕಿನ ನಾಲಿಗೆ!

ಹಾಗೆ ನೋಡಿದರೆ ಈ ಹಡಗಿನಲ್ಲೂ ಪಂಡಿತರಿಗೆ ಬರವಿರಲಿಲ್ಲ. ಕಪ್ತಾನನಿಗೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಕಾಫಿ ಬೇಕು. ಮುಖ್ಯ ಇಂಜಿನಿಯರ್ ಬೀಜಗಳನ್ನು ಔಷಧಿಯಂತೆ ತೂಗಿ, ಯಂತ್ರಕೋಣೆಯಲ್ಲಿ ಬಿಗಿದಿಟ್ಟ ಗಿರಣಿಯಲ್ಲಿ ತಾನೇ ಅರೆದುಕೊಳ್ಳುತ್ತಾನೆ. ಡಬ್ಬಿಯ ಪುಡಿ ಬಳಸುವವರನ್ನು ಕಂಡರೆ, ಕೈ ತೊಳೆಯದೆ ಊಟಕ್ಕೆ ಕೂತವರನ್ನು ಕಂಡಂತೆ ಮುಖ ಮಾಡುತ್ತಾನೆ. ಆದರೆ ನಾಲಿಗೆ ಸಾಹೇಬನ ಮುಂದೆ ಇವರಿಬ್ಬರೂ ಹಸುಗೂಸುಗಳು.

ಮೊದಲ ಸಲ ಬಾಣಸಿಗ ಹಾಲು ಹಾಕಿ, ಎರಡು ಬೆರಳು ನೊರೆ ಎಬ್ಬಿಸಿ ಕೊಟ್ಟಿದ್ದ. ಪೈಲಟ್ ಹಾವು ಕಂಡವನಂತೆ ಹಿಂದೆ ಸರಿದಿದ್ದ. “ನೊರೆಯಾ? ಬರೀ ಕಪ್ಪು ಕಾಫಿ ಇಲ್ವೇನಪ್ಪಾ?” ಎರಡನೆಯ ಸಲ ಕಪ್ಪು ಕಾಫಿಯೇ ಹೋಯಿತು, ಮುಕ್ಕಾಲು ಕಪ್. “ಅಂಚಿನವರೆಗೂ ತುಂಬೋದು ಬಿಟ್ಟು ಇದ್ಯಾವ ಜಿಪುಣತನ?” ತುಂಬಿಕೊಟ್ಟರೂ ತುಟಿಗೆ ತಾಗಿಸಲಿಲ್ಲ. ಸಾಲದ್ದಕ್ಕೆ ಪಕ್ಕದ ಹಡಗಿನ ಕಪ್ತಾನ ಅದೇ ದಿನ ರೇಡಿಯೋದಲ್ಲಿ ಕೊಚ್ಚಿಕೊಂಡ: “ನಮ್ಮಲ್ಲಿ ಆತ ಕಪ್ಪಿನ ಮೇಲಿಂದ ಕಣ್ಣೇ ತೆಗೀಲಿಲ್ಲ ಕಣ್ರೀ!”

ಈ ಮಾತು ಕಪ್ತಾನನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಬಾಣಸಿಗ ಮಾನ ಬಿಟ್ಟು ಯಂತ್ರಕೋಣೆಗೆ ಇಳಿದ.

“ನನ್ನ ಬೀಜಾನಾ?” ಮುಖ್ಯ ಇಂಜಿನಿಯರ್ ಡಬ್ಬಿಯನ್ನು ಎದೆಗವಚಿಕೊಂಡ. “ಸ್ವಂತ ಅಳಿಯನಿಗೇ ಕೊಟ್ಟಿಲ್ಲ ನಾನು!”

“ಕೆಲಸ ಹೋಗುತ್ತಣ್ಣಾ. ನಾಳೆಯಿಂದ ನಿನ್ನ ಅನ್ನ ಬೇರೆ ಯಾರೋ ಬೇಯಿಸ್ತಾರೆ.”

ಇಂಜಿನಿಯರ್ ಒಂದು ಕ್ಷಣ ಆ ಅನ್ನವನ್ನು ಊಹಿಸಿಕೊಂಡ. ಮುಚ್ಚಳ ತೆಗೆದ. “ನೀರು ಕೊತಕೊತ ಕುದೀಬಾರದು. ಏನಾದ್ರೂ ಕೆಡಿಸಿದ್ಯೋ, ಸಮುದ್ರಕ್ಕೆ ನಾನೇ ಎಸೀತೀನಿ.”

ಬಾಣಸಿಗ ಮೂರು ಸಲ ಸೋಸಿದ. ಒಂದು ಚೂರು ಗಸಿಯಿಲ್ಲ, ಒಂದು ಗುಳ್ಳೆಯಿಲ್ಲ. ಬಗ್ಗಿ ನೋಡಿದರೆ ತನ್ನದೇ ಮೂಗು ಕಾಣುವಂಥ ಕಪ್ಪು.

ಚುಕ್ಕಾಣಿ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಕಬ್ಬಿಣದ ಹಲಗೆಯ ಮೇಲೆ ಬಿಳಿ ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಕಪ್ ಇಟ್ಟ. ಆಗಷ್ಟೇ ಏಣಿ ಹತ್ತಿ ಬಂದ ಪೈಲಟ್ ಆ ಬಟ್ಟೆಯನ್ನು ಎಳೆದು ಪಕ್ಕಕ್ಕೆ ಹಾಕಿ, ಕಪ್ಪನ್ನು ಬರೀ ಕಬ್ಬಿಣದ ಮೇಲಿಟ್ಟ. ಬಾಣಸಿಗ ಬಟ್ಟೆ ಎತ್ತಿ ಮೂಸಿ ನೋಡಿದ. ಬಟ್ಟೆಯ ಸೋಪಿನ ವಾಸನೆಯೂ ಆಗದೇ ಈ ಪುಣ್ಯಾತ್ಮನಿಗೆ?

ಹಡಗು ಕಾಲುವೆ ಹೊಕ್ಕಿತು. ಪೈಲಟ್ ಹೊರಗೆ ನೋಡಿದ, ಕಪ್ ನೋಡಿದ. “ಎರಡು ಡಿಗ್ರಿ ಬಲಕ್ಕೆ.” ಮತ್ತೆ ಕಪ್ ನೋಡಿದ. ಹುಬ್ಬು ಗಂಟಾಯಿತು. ಬಾಣಸಿಗ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ. “ನಿಧಾನ. ಇನ್ನೂ ನಿಧಾನ,” ಎಂದ ಪೈಲಟ್. ಇಂಜಿನ್ನಿನ ಸದ್ದು ತಗ್ಗಿತು. ಅವನು ಇನ್ನೊಮ್ಮೆ ಕಪ್ಪಿನತ್ತ ಬಗ್ಗಿದ. ಹುಬ್ಬು ಸಡಿಲವಾಯಿತು.

ಅರ್ಧ ಗಂಟೆ ಕಳೆಯಿತು. ಹಬೆ ನಿಂತಿತ್ತು. ಬಾಣಸಿಗನಿಗೆ ತಡೆಯಲಾಗಲಿಲ್ಲ. “ತಣ್ಣಗಾಯ್ತು ಸಾಹೇಬ್ರೆ, ಬಿಸಿದು ತರ್ಲಾ?”

“ಮುಟ್ಟಬೇಡ!”

ಗದರಿದ ರಭಸಕ್ಕೆ ಚುಕ್ಕಾಣಿ ಹಿಡಿದವನೂ ಬೆಚ್ಚಿಬಿದ್ದ.

ಹಡಗು ದಡ ಮುಟ್ಟಿತು. ಹಗ್ಗಗಳು ಬಿಗಿದವು. ಕಪ್ತಾನ ಜೇಬಿನಿಂದ ಕರಾರು ಪತ್ರ ತೆಗೆದು, ಹರಿಯಲೋ ಸಹಿ ಹಾಕಲೋ ಎಂಬಂತೆ ಹಿಡಿದುಕೊಂಡ. ಕಾಫಿ ಒಂದು ಹನಿಯೂ ಇಳಿದಿರಲಿಲ್ಲ. ಇನ್ನು ಕಳೆದುಕೊಳ್ಳಲು ಏನಿದೆ? ಯಾರೂ ಕೇಳದಿದ್ದುದನ್ನು ಬಾಣಸಿಗ ಕೇಳಿಯೇಬಿಟ್ಟ.

“ಸಾಹೇಬ್ರೆ, ಕಾಫಿ ಹೇಗಿದೆ?”

ಪೈಲಟ್ ಅವನ ಮುಖ ನೋಡಿದ, ಕಪ್ತಾನನ ಕೈಯ ಕಾಗದ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ: “ಕಪ್ತಾನರೇ, ಇಂಥ ಕಾಫಿ ಈ ಕಾಲುವೆಯಲ್ಲಿ ನಾನು ಇದುವರೆಗೂ ನೋಡಿಲ್ಲ.”

ಕಪ್ತಾನ ನಕಾಶೆಯ ಮೇಲೇ ಕಾಗದ ಹರವಿ ಸಹಿ ಹಾಕಿದ. ಇನ್ನೊಂದು ಕೈ ಆಗಲೇ ರೇಡಿಯೋ ಮೇಲಿತ್ತು. “ನಿಜವಾದ ರಸಿಕರು ಕುಡಿಯಲ್ಲ ಕಣ್ರೋ, ಘಮ ತಗೊಳ್ತಾರೆ ಅಷ್ಟೆ,” ಎಂದು ತುಂಬಿದ ಕಪ್ ತೋರಿಸಿ ಸಾರಿದ. ಅಲ್ಲಿದ್ದ ಇಬ್ಬರು ಅಧಿಕಾರಿಗಳು ಕೂಡಲೇ ತಂತಮ್ಮ ಕಪ್ಪಿಗೆ ಮೂಗು ಇಳಿಬಿಟ್ಟರು. ಯಂತ್ರಕೋಣೆಯಿಂದ ಫೋನ್ ಕಿರುಚಿತು: “ಯಾರ ಬೀಜ ಅಂತ ಹೇಳಿದ್ರಾ?”

ಬಾಣಸಿಗ ಪೈಲಟನ ಚೀಲ ಹೊತ್ತು ಮೆಟ್ಟಿಲವರೆಗೆ ಬಂದ. ಕಾಲು ನೆಲದ ಮೇಲಿರಲಿಲ್ಲ. ಆದರೂ ಒಂದು ಕೊರಗು.

“ಅಷ್ಟು ಹಿಡಿಸಿದ್ಮೇಲೆ, ಒಂದು ಗುಟುಕಾದ್ರೂ ಕುಡೀಬಹುದಿತ್ತು ಸಾಹೇಬ್ರೆ.”

ಪೈಲಟ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಗುಟ್ಟು ನಿನ್ನಲ್ಲೇ ಇರ್ಲಿ. ಕಾಫಿ ಕಂಡ್ರೆ ನನಗಾಗಲ್ಲ, ನಾನು ಚಹಾದವನು. ಆದ್ರೆ ಚಹಾ ತರಿಸಿದ್ರೆ ಕುಡಿದು ಮುಗಿಸಿಬಿಡ್ತೀನಿ. ಹಡಗಿನ ತಳ ಕೆಸರಿಗೆ ಹತ್ತಿರ ಬಂದಾಗ ನಡುಗಿ ತೋರಿಸೋಕೆ ಕಣ್ಣೆದುರಿಗೆ ಒಂದು ತುಂಬಿದ ಕಪ್ ಇರಬೇಕಲ್ಲಪ್ಪಾ?”