ಜಡ್ಜ್ ಉಂಡ ಹೋಳಿಗೆ

ನನ್ನ ಗಂಡ ಮನೆಯನ್ನು ನನ್ನ ಹೆಸರಿಗೆ ವಿಲ್ ಬರೆದು ತೀರಿಕೊಂಡರು. ಅವರು ವಿಲ್ ಬರೆದೇ ಇಲ್ಲ, ಸಹಿ ನಾನೇ ಹಾಕಿಕೊಂಡದ್ದು ಎಂದು ಮೈದುನ ತಕರಾರು ಹೂಡಿದ. ಸೋತರೆ ನಾನು ಮನೆ ಬಿಡಬೇಕಿತ್ತು.

ವಿಚಾರಣೆಯ ಮೊದಲ ದಿನವೇ ಅವನು ತನ್ನ ವಕೀಲರಿಗಿಂತ ಮುಂಚೆ ಎದ್ದು ನಿಂತ.

"ಸ್ವಾಮಿ, ಈ ಕೇಸು ನೀವು ನಡೆಸೋ ಹಾಗಿಲ್ಲ. ಬೇರೆ ಜಡ್ಜ್ ಬೇಕು."

"ಯಾಕಪ್ಪಾ?"

"ಪರಿಚಯದವರ ಕೇಸು ಜಡ್ಜ್ ನಡೆಸಬಾರದು ಅಂತ ಕಾನೂನೇ ಇದೆ. ನೀವು ನಮ್ಮನೇಲಿ ಉಂಡಿದ್ದೀರಿ, ಅತ್ತಿಗೆ ಕೈಯಡುಗೆ."

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನತ್ತ ನೋಡಿದರು. "ನಂಗೆ ನೆನಪೇ ಇಲ್ವಲ್ಲ."

"ನಂಗಿದೆ! ಬೇಳೆ ಹೋಳಿಗೆ. ನಾನೇ ಬಡಿಸಿದ್ದು. ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಇಟ್ಕೊಂಡೇ ನಾಲ್ಕು ಹಾಕಿಸ್ಕೊಂಡ್ರಿ."

ಇಡೀ ಕೋರ್ಟು ನಕ್ಕಿತು. ವಕೀಲರು ಮೈದುನನ ಅಂಗಿ ಜಗ್ಗಿದರು. ಅವನು ಕೊಡವಿಕೊಂಡ.

"ಯಾವತ್ತು ಅಂತ ಹೇಳಿ, ನೆನಪಾಗಬಹುದು."

"ಅಣ್ಣ ವಿಲ್‌ಗೆ ಸಹಿ ಹಾಕಿದ್ನಲ್ಲ ಸ್ವಾಮಿ, ಅವತ್ತೇ ಮಧ್ಯಾಹ್ನ!"

"ಸರಿ, ಕೇಸು ಬೇರೆ ಕೋರ್ಟಿಗೆ ಹೋಗಲಿ," ಎಂದು ನ್ಯಾಯಾಧೀಶರು ಬೆರಳಚ್ಚುಗಾರರತ್ತ ತಿರುಗಿದರು. "ಇವರು ಈಗ ಹೇಳಿದ್ದನ್ನ ಒಂದಕ್ಷರ ಬಿಡದೆ ಬರ್ಕೊಳ್ಳಿ, ಹೋಳಿಗೆ ಸಮೇತ."